ಕೂಡಿಕೊಳ್ಳದ ಹೆಗಲ ಮೂಳೆ

ಆಪರೇಷನ್‌ಗೆ ಮುಂಚೆ ರೋಗಿಗಳ ಮೈಕೂದಲು ಬೋಳಿಸುವುದು ಅವನ ಕೆಲಸ. ಇಪ್ಪತ್ತೆರಡು ವರ್ಷದಿಂದ ಅದೇ ಆಸ್ಪತ್ರೆ, ಅದೇ ಸ್ಟೀಲ್ ಟ್ರೇ. ನಡುಗುತ್ತಾ ಮಲಗಿದವರನ್ನು, "ನನ್ನ ಕತ್ತಿಗೇ ಹೆದರಲಿಲ್ಲ, ಡಾಕ್ಟರ ಕತ್ತಿಗೆ ಹೆದರ್ತೀರಾ?" ಎಂದು ನಗಿಸುತ್ತಿದ್ದ. ವಾರ್ಡಿನವರು 'ಧೈರ್ಯಣ್ಣ' ಎಂದೇ ಕರೆಯುತ್ತಿದ್ದರು.

ಒಂದು ಬೆಳಗ್ಗೆ ವ್ಯಾನೊಂದು ಹಿಂದಿನಿಂದ ಬಂದು ಅವನಿಗೆ ಗುದ್ದಿತು. ಬಲಹೆಗಲ ಹಿಂದಿನ ಹಲಗೆಯಂಥ ಮೂಳೆ ಮುರಿಯಿತು. "ಇದು ತಾನಾಗೇ ಕೂಡುತ್ತೆ" ಎಂದು ತೋಳನ್ನು ಕುತ್ತಿಗೆಗೆ ಕಟ್ಟಿ ಕಳಿಸಿದರು. ಎಂಟು ತಿಂಗಳಾದರೂ ಕೂಡಲಿಲ್ಲ. ಕೈ ಎತ್ತಿದರೆ ಒಳಗೆ ಕಟಕಟ ಸದ್ದು; ಕತ್ತಿ ಹಿಡಿದರೆ ಬೆರಳೆಲ್ಲ ನಡುಕ.

ಮೂಳೆ ಡಾಕ್ಟರು ಎಕ್ಸ್‌ರೇ ತೋರಿಸಿ ಹೇಳಿದರು: "ಬೆನ್ನ ಕಡೆಯಿಂದ ತೆರೆದು, ಸೊಂಟದ ಮೂಳೆ ಚೂರು ತೆಗೆದು ಬಿರುಕಿಗೆ ತುಂಬಿ, ಪ್ಲೇಟ್ ಹಾಕ್ತೀವಿ. ಹತ್ತಿರದಲ್ಲೇ ಕೈ ಆಡಿಸೋ ನರ ಇದೆ. ಜೋಪಾನವಾಗೇ ಮಾಡ್ತೀವಿ."

ಉಳಿದ ಮಾತೆಲ್ಲ ಗಾಳಿಗೆ ಹೋಯಿತು, 'ನರ' ಅನ್ನುವುದೊಂದು ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತು. ತಾನು ಬೋಳಿಸಿ ಕಳಿಸಿದವರಲ್ಲಿ ವಾಪಸು ಬಾರದವರ ಮುಖಗಳೇ ಕಣ್ಣ ಮುಂದೆ ಸಾಲುಗಟ್ಟಿದವು.

ಆಪರೇಷನ್ ದಿನ ಹಸಿರು ಗೌನಿನಲ್ಲೇ ಕಕ್ಕಸಿಗೆ ಹೋದವನು ಒಳಗಿಂದ ಚಿಲಕ ಹಾಕಿಕೊಂಡ. ಸಿಸ್ಟರ್ ಕರೆದರು, ಆಯಾ ಬಾಗಿಲು ಬಡಿದಳು. ಕಡೆಗೆ ಹೆಂಡತಿ ಬಂದಳು.

"ರೀ, ಬಾಗಿಲು ತೆಗೀರಿ."

"ನನ್ನ ಕೈಲಾಗಲ್ಲ ಕಣೇ. ಇವತ್ತು ಬೇಡ."

"ಹೆದರಿಕೆನಾ?"

"ಹೂಂ ಕಣೇ, ತುಂಬಾ."

"ನಂಗೂ ಅಷ್ಟೇ. ಬೆಳಗ್ಗೆಯಿಂದ ಎರಡು ಸಲ ವಾಂತಿ ಆಯ್ತು, ನಿಮಗೆ ಹೇಳಲಿಲ್ಲ. ಆದ್ರೆ ಎಂಟು ತಿಂಗಳಿಂದ ನಿಮ್ಮ ಅಂಗಿ ಗುಂಡಿ ನಾನೇ ಹಾಕ್ತಿದೀನಿ. ನೀವು ಮುಖ ಪಕ್ಕಕ್ಕೆ ತಿರುಗಿಸ್ಕೊಂಡು ನಿಲ್ತೀರಿ. ಅದನ್ನ ಇನ್ನು ನೋಡೋಕಾಗಲ್ಲ."

ಒಳಗಿಂದ ಚಿಲಕ ಸರಿಯಿತು.

ಆಪರೇಷನ್ ಮುಗಿದು ಎಚ್ಚರವಾದಾಗ ಮೊದಲು ಬಲಗೈ ಬೆರಳು ಮಡಚಿ ನೋಡಿದ. ಮಡಚಲಿಲ್ಲ. ಕೈ ಕೊರಡಿನ ಹಾಗೆ ಬಿದ್ದಿತ್ತು. "ಹೋಯ್ತು! ನನ್ನ ಕೈ ಹೋಯ್ತು!" ಎಂದು ಕೂಗಿಕೊಂಡ. ಕೈ ಮರಗಟ್ಟಿಸಿದ ಮದ್ದು ಇನ್ನೂ ಇಳಿದಿಲ್ಲ ಎಂದು ಸಿಸ್ಟರ್ ಎಷ್ಟು ಹೇಳಿದರೂ ನಂಬಲಿಲ್ಲ. ಸಮಾಧಾನದ ಮಾತು ಎಷ್ಟು ಸುಲಭವಾಗಿ ಬಾಯಿಗೆ ಬರುತ್ತದೆಂದು ಅವನಿಗಿಂತ ಬಲ್ಲವರು ಯಾರು? ಮೈಯೆಲ್ಲ ಬೆವೆತು, ಆ ಕೈಯನ್ನೇ ನೋಡುತ್ತಾ ಮಲಗಿದ. ದೀಪ ಹಚ್ಚುವ ಹೊತ್ತಿಗೆ ಕಿರುಬೆರಳು ಅಲುಗಿತು. ಹೆಂಡತಿ ಅದನ್ನು ಹಿಡಿದುಕೊಂಡು ಬಿಕ್ಕಿಬಿಕ್ಕಿ ಅತ್ತಳು.

ಐದನೇ ತಿಂಗಳಿಗೆ ಮೂಳೆ ಕೂಡಿತು. ಕೈ ಈಗ ಕಿವಿಯವರೆಗೆ ಏಳುತ್ತದೆ, ಅದಕ್ಕಿಂತ ಮೇಲಕ್ಕಿಲ್ಲ. ಕೆಲಸಕ್ಕೆ ಅಷ್ಟು ಸಾಕು. ಹೊಲಿಗೆಯ ಗುರುತಿಗೆ ಹೆಂಡತಿ ಎಣ್ಣೆ ಹಚ್ಚಲು ಬಂದರೆ ಮಾತ್ರ ಇವತ್ತಿಗೂ ಉಸಿರು ಬಿಗಿಹಿಡಿಯುತ್ತಾನೆ.

"ಮೆಲ್ಲಗೆ ಕಣೇ, ಮೆಲ್ಲಗೆ!"

"ಅಯ್ಯೋ, ಇನ್ನೂ ಮುಟ್ಟೇ ಇಲ್ಲ ರೀ!"