ಹಿಗ್ಗಿದ ಬೆಲ್ಟು

"ಶುಕ್ರವಾರದೊಳಗೆ ಇಡೀ ಮೈದಾನದ ಹುಲ್ಲು ಕತ್ತರಿಸಿದ್ರೆ ಸರಿ. ಇಲ್ದಿದ್ರೆ ಈ ಗಾಡಿ ಗುಜರಿಗೆ, ನೀವು ಗೇಟಿಗೆ" ಎಂದು ಮೈದಾನದ ಹೊಸ ಮ್ಯಾನೇಜರ್ ಮಂಗಳವಾರ ಬೆಳಿಗ್ಗೆ ಹೇಳಿ ಹೋದರು. ಗೇಟಿನಲ್ಲಿ ಕೂತು ಬಂದ ಕಾರಿಗೆಲ್ಲ ಸಲಾಮು ಹೊಡೆಯುವ ಕೆಲಸ ಮೇಸ್ತ್ರಿಗೆ ಬದುಕಿದ್ದೂ ಸತ್ತ ಹಾಗೆ.

ಹುಲ್ಲು ಕತ್ತರಿಸುವ ಆ ಪುಟ್ಟ ಟ್ರ್ಯಾಕ್ಟರನ್ನು ಅವನು ಇಪ್ಪತ್ತೆಂಟು ವರ್ಷದಿಂದ ಓಡಿಸುತ್ತಿದ್ದ. ಮಾಡಿದ ಕಂಪನಿ ಎಂದೋ ಬಾಗಿಲು ಹಾಕಿತ್ತು. ಈಗ ಅದರ ಬೇರಿಂಗು ಹಿಟ್ಟಿನ ಗಿರಣಿಯದು, ಕೇಬಲ್ಲು ಸ್ಕೂಟರಿನದು, ಸೀಟು ಯಾವುದೋ ಬಸ್ಸಿನದು. ಅಂಥದರಲ್ಲಿ ಬ್ಲೇಡು ತಿರುಗಿಸುವ ಬೆಲ್ಟು ಹಿಂದಿನ ದಿನ ತುಂಡಾಗಿ ಬಿದ್ದಿತ್ತು. ಅದರ ಮೇಲಿನ ಅಳತೆಯ ನಂಬರು ಅಳಿಸಿ ಯಾವ ಕಾಲವಾಗಿತ್ತೋ.

ನಂಬರು ಇಲ್ಲದಿದ್ದರೆ ಬೆಲ್ಟು ಓಡುವ ಪುಲ್ಲಿಗಾಲಿಗಳಿಗೆ ದಾರ ಸುತ್ತಿ ಅಳತೆ ತೆಗೆಯಬೇಕು. ಅದಕ್ಕೆ ಗಾಡಿಯಡಿ ತೆವಳಬೇಕು. ಅವತ್ತು ಮಂಡಿ ಬೇಡವೆಂದಿತು. ತುಂಡಾದ ಬೆಲ್ಟನ್ನೇ ಹೆಗಲಿಗೆ ಹಾಕಿಕೊಂಡು ಗುಜರಿಯಕ್ಕನ ಅಂಗಡಿಗೆ ನಡೆದ. ಗೋಡೆ ತುಂಬ ಮೊಳೆ ಹೊಡೆದು ಹಳೇ ಬೆಲ್ಟು ನೇತುಹಾಕಿದ್ದ ಅವಳು, ಇವನದನ್ನು ನೆಲದ ಮೇಲೆ ಚಾಚಿ ಅಳೆದು, ಅಷ್ಟೇ ಉದ್ದದ್ದು ಹುಡುಕಿ ಕೊಟ್ಟಳು.

ಬುಧವಾರ ಹಾಕಿ ನೋಡಿದ. ಬ್ಲೇಡು ಗಾಳಿಯಲ್ಲಿ ಚೆನ್ನಾಗಿ ತಿರುಗಿತು. ಹುಲ್ಲು ತಾಗಿದ್ದೇ ತಡ, ಬೆಲ್ಟು ಜಾರಿ ಬ್ಲೇಡು ನಿಂತುಬಿಟ್ಟಿತು. ರಬ್ಬರು ಸುಟ್ಟ ವಾಸನೆ ಮೂಗಿಗೆ ಬಡಿಯಿತು, ಮೇಸ್ತ್ರಿಯ ಪಿತ್ತ ನೆತ್ತಿಗೇರಿತು. ಬೆಲ್ಟು ಕಿತ್ತು ತಂದು ಅಂಗಡಿಯ ಮುಂದೆ ಎಸೆದ.

"ಕಣ್ಣು ಮಂಜಾಗಿದ್ರೆ ಅಂಗಡಿ ಮುಚ್ಕೊಂಡು ಮನೇಲಿರು. ಸಡಿಲ ಬೆಲ್ಟು ಕೊಟ್ಟು ನನ್ನ ಕೆಲಸಕ್ಕೆ ಕುತ್ತು ತರ್ತೀಯಾ?"

ಗಿರಾಕಿಗಳು ತಿರುಗಿ ನೋಡಿದರು. ಅವಳು ಮಾತ್ರ ಬೋಲ್ಟು ಆರಿಸುವುದನ್ನು ನಿಲ್ಲಿಸಲಿಲ್ಲ. "ನೀನು ತಂದಷ್ಟೇ ಉದ್ದ ಕೊಟ್ಟಿದ್ದೀನಣ್ಣ. ಕೂಗಾಡಿದ್ರೆ ಅದೇನು ಗಿಡ್ಡ ಆಗತ್ತಾ?"

ಮನೆಗೆ ಬಂದು ಇದನ್ನೇ ಹೆಂಡತಿಯ ಮುಂದೆ ಒದರಿದ. ಅವಳು ಹೊಲಿಗೆಯವಳು, ಮಷೀನಿನಿಂದ ತಲೆ ಎತ್ತದೆ ಕೇಳಿದಳು, "ಅಲ್ರೀ, ಹಳೇ ಲಂಗದ ಎಲಾಸ್ಟಿಕ್ ಅಳೆದು ಹೊಸದು ಕತ್ತರಿಸ್ತಾರಾ ಯಾರಾದ್ರೂ? ಉಟ್ಟ ತಕ್ಷಣ ಜಾರತ್ತೆ."

ಮೇಸ್ತ್ರಿ ಗೋಡೆಗೆ ಒರಗಿ ಕೂತುಬಿಟ್ಟ. ವರ್ಷಗಟ್ಟಲೆ ಎಳೆದಾಡಿ ಬೆಲ್ಟು ಹಿಗ್ಗಿತ್ತು. ಹಳೇ ಬೆಲ್ಟು ಅಳೀಬೇಡಿ, ಪುಲ್ಲಿ ಅಳೀರಿ ಎಂದು ಊರಿಗೆಲ್ಲ ಬೈದು ಹೇಳಿದವನೇ ಅವನು. ಕೋಪ ಇಳಿಯಿತು. ಅದರ ಜಾಗದಲ್ಲಿ ಬಂದದ್ದು ಬರೀ ಸುಸ್ತು.

ಗುರುವಾರ ಬೆಳಿಗ್ಗೆ ತೆವಳಿ ದಾರ ಸುತ್ತಿದ. ಹಳೇ ಬೆಲ್ಟಿಗಿಂತ ನಾಲ್ಕು ಬೆರಳು ಕಡಿಮೆ ಬಂತು. ದಾರ ಹಿಡಿದು ಅಂಗಡಿಗೆ ಹೋದರೆ ಗುಜರಿಯಕ್ಕ ಕೈ ಚಾಚಲಿಲ್ಲ.

"ನಿನ್ನೆ ಎಲ್ಲರ ಮುಂದೆ ನನ್ನ ಬೈದೆ. ಇವತ್ತೂ ಎಲ್ಲರೂ ಇದ್ದಾರೆ."

ಮೇಸ್ತ್ರಿ ಅತ್ತಿತ್ತ ನೋಡಿದ. ಮೂವರು ನಿಂತಿದ್ದರು. ಅವನ ಬಾಯಿಂದ ಅಂಥ ಮಾತು ಹೊರಟು ಅಭ್ಯಾಸವಿಲ್ಲ. ಚಪ್ಪಲಿ ನೋಡುತ್ತ ಅಂದ, "ಅಳತೆ ತಪ್ಪಿದ್ದು ನಾನು. ನಿನ್ನ ಕಣ್ಣಿಗೇನೂ ಆಗಿಲ್ಲ."

"ಕೇಳಿಸ್ತೇನ್ರಪ್ಪಾ?" ಎಂದು ಗಿರಾಕಿಗಳನ್ನು ಕೇಳಿ, ಅವಳು ಮೇಲಿನ ಮೊಳೆಯಿಂದ ಒಂದು ಬೆಲ್ಟು ಇಳಿಸಿ ದಾರಕ್ಕೆ ಹಿಡಿದಳು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ಶುಕ್ರವಾರ ಮಧ್ಯಾಹ್ನಕ್ಕೆ ಮೈದಾನ ಈ ತುದಿಯಿಂದ ಆ ತುದಿಗೆ ನುಣ್ಣಗಾಗಿತ್ತು. ಮ್ಯಾನೇಜರ್ ಒಂದು ಸುತ್ತು ಬಂದು ಖುಷಿಯಾದರು. "ಪರವಾಗಿಲ್ವೇ. ಹಾಗಿದ್ರೆ ಇನ್ನೂ ಮೂರು ವರ್ಷ ಹೊಸ ಗಾಡಿ ಬೇಡ ಬಿಡಿ."

ಮೂರು ವರ್ಷ. ಮೇಸ್ತ್ರಿ ಮಂಡಿ ಒತ್ತಿಕೊಳ್ಳುತ್ತ, "ಆಗಲಿ ಸಾರ್" ಎಂದ. ಅವರು ಹೋದ ಮೇಲೆ ಗಾಡಿಯನ್ನು ಶೆಡ್ಡಿಗೆ ತಂದು ನಿಲ್ಲಿಸಿದ. ಅಡಿಯಲ್ಲಿ ಮೆತ್ತಿಕೊಂಡ ಹಸಿ ಹುಲ್ಲು ಒಣಗಿದರೆ ಸಿಮೆಂಟಿನಂತೆ ಕಚ್ಚಿಕೊಳ್ಳುತ್ತದೆ. ಕೆರೆಯುವ ತಗಡು ಹುಡುಕಿ, ಗೋಣಿಚೀಲ ಹಾಸಿ, ನಿಧಾನಕ್ಕೆ ಗಾಡಿಯಡಿ ಮಲಗಿದ.