ಬಲಗಡೆಯ ಸಂದು

ಅವನನ್ನು ಎಲ್ಲರೂ ಗೆರೆ ಬಡಗಿ ಅಂತಲೇ ಕರೆಯುತ್ತಿದ್ದರು. ಪೆನ್ಸಿಲ್ ಗೆರೆ ದಪ್ಪವಾಯಿತೆಂದು ಚೂರಿಯ ಮೊನೆಯಲ್ಲಿ ಗೆರೆ ಕೊರೆಯುವ ಮನುಷ್ಯ. ವಯಸ್ಸಿನಲ್ಲಿ ಒಮ್ಮೆ ಮದುವೆಯ ಮಾತುಕತೆಗೆ ಹೋಗಿದ್ದಾಗ, ಹುಡುಗಿಯ ಅಪ್ಪ ಏನೋ ಕೇಳುತ್ತಿದ್ದರೆ ಇವನು ಬಾಗಿಲಿನ ಕಡೆ ನೋಡುತ್ತ, "ಚೌಕಟ್ಟು ಓರೆ ಆಗಿದೆಯಲ್ಲ" ಅಂದುಬಿಟ್ಟಿದ್ದ. ಆ ಸಂಬಂಧ ಅಲ್ಲಿಗೇ ಮುರಿಯಿತು. ಆಮೇಲೆ ಇವನೂ ಆ ಗೋಜಿಗೆ ಹೋಗಲಿಲ್ಲ.

ಅಪ್ಪ ಕಟ್ಟಿಸಿದ ಎರಡಂತಸ್ತಿನ ಮನೆ. ಕೆಳಗೆ ಇವನ ಕೆಲಸದ ಕೋಣೆ, ಮೇಲೆ ಅಣ್ಣ, ಅತ್ತಿಗೆ. ಅಣ್ಣ ಶಾಲೆಯಿಂದ ನಿವೃತ್ತನಾಗಿದ್ದ; ಪಾಠ ಹೇಳುವುದರಿಂದ ಇನ್ನೂ ಆಗಿರಲಿಲ್ಲ.

ಆ ವರ್ಷ ಗಡಿಯಾರ ರಿಪೇರಿಯವನೊಬ್ಬ ಹನ್ನೆರಡು ಡ್ರಾಯರುಗಳ ಒಂದು ಪೆಟ್ಟಿಗೆ ಮಾಡಿಕೊಡಲು ಹೇಳಿದ. ಮೊಳೆ ಕೂಡದು, ಕೈಯಲ್ಲೇ ಕತ್ತರಿಸಿದ ಡವ್‌ಟೇಲ್ ಜೋಡಣೆ ಬೇಕು. ಪಾರಿವಾಳದ ಬಾಲದ ಹಾಗೆ ತುದಿಗೆ ಅಗಲವಾಗುವ ಹಲ್ಲುಗಳನ್ನು ಒಂದು ಹಲಗೆಯಲ್ಲಿ ಕೊಯ್ದು, ಅದನ್ನೇ ಅಚ್ಚಾಗಿಟ್ಟುಕೊಂಡು ಇನ್ನೊಂದು ಹಲಗೆಯ ಮೇಲೆ ಗುರುತು ಕೊರೆಯಬೇಕು. ಎಲ್ಲ ಇರುವುದು ಆ ಗುರುತಿನಲ್ಲಿ. ಎರಡನೆಯ ಹಲಗೆಯನ್ನು ಬೆಂಚಿಗೆ ಜೋಡಿಸಿದ ಇಕ್ಕಳದಲ್ಲಿ, ಅಂದರೆ ವೈಸಿನಲ್ಲಿ, ನೆಟ್ಟಗೆ ನಿಲ್ಲಿಸಬೇಕು. ಹಲ್ಲಿರುವ ಹಲಗೆಯ ಒಂದು ತುದಿ ಅದರ ಮೇಲೆ, ಇನ್ನೊಂದು ತುದಿ ಗೋಡೆಯ ಕಡೆ ಅಡ್ಡ ಮಲಗಿಸಿದ, ಮರ ಹೆರೆಯುವ ಹತ್ತರಿಯ ಮೇಲೆ. ಅಂಚಿಗೆ ಅಂಚು ಕೂತಿದೆಯೇ ಎಂದು ಕಣ್ಣಿಗಿಂತ ಮೊದಲು ಬೆರಳಲ್ಲಿ ಸವರಿ ನೋಡಬೇಕು. ನಲವತ್ತು ವರ್ಷ ಅವನ ಬೆರಳು ಹುಸಿ ಹೇಳಿರಲಿಲ್ಲ.

ಮೂರು ಡ್ರಾಯರು ಕೂತವು. ನಾಲ್ಕನೆಯದರಲ್ಲಿ ಬಲಗಡೆ ಕೂದಲೆಳೆಯಷ್ಟು ಸಂದು ಉಳಿಯಿತು. ಹಲಗೆ ಬಿಸಾಕಿ ಇನ್ನೊಂದು ಕೊಯ್ದ. ಮತ್ತೆ ಬಲಗಡೆಯೇ ಸಂದು, ಈ ಸಲ ಕಾಗದ ತೂರುವಷ್ಟು.

ಅವನಿಗೆ ಅಪ್ಪನ ನೆನಪಾಯಿತು; ಅಪ್ಪನೂ ಬಡಗಿಯೇ. ಅಪ್ಪನ ಕೈ ತಪ್ಪತೊಡಗಿದ್ದೂ ಐವತ್ತು ದಾಟಿದ ಮೇಲೆಯೇ. ಕೆಟ್ಟ ಹಲಗೆಗಳನ್ನು ಅಪ್ಪ ಯಾರಿಗೂ ಕಾಣದ ಹಾಗೆ ಒಲೆಗೆ ಹಾಕುತ್ತಿದ್ದ. ಇವನು ತನ್ನ ಹಲಗೆಗಳನ್ನು ಗೋಣಿಚೀಲದಲ್ಲಿ ತುಂಬಿ ಮಂಚದ ಕೆಳಗೆ ತಳ್ಳಿದ. ಊಟ ಸೇರಲಿಲ್ಲ. ಯಾರಿಗೂ ಹೇಳದೆ ಕಣ್ಣಿನ ಡಾಕ್ಟರ ಹತ್ತಿರ ಹೋದ.

"ಕಣ್ಣಿಗೇನೂ ಆಗಿಲ್ಲ. ಕೈಯೂ ನಡುಗ್ತಿಲ್ಲ. ಇನ್ನೇನು ತೊಂದರೆ ನಿಮಗೆ?" ಅಂದರು ಡಾಕ್ಟರು.

ತೊಂದರೆ ಏನೂ ಇಲ್ಲವೆಂದ ಮೇಲೆ ಅವನಿಗೆ ಇನ್ನೂ ಹೆಚ್ಚು ಭಯವಾಯಿತು.

ವಾಪಸು ಬಂದವನೇ ಎರಡು ನೇರವಾದ ಮರದ ಪಟ್ಟಿ ತೆಗೆದುಕೊಂಡು, ಬೆಂಚಿನ ಈ ತುದಿಗೊಂದು ಆ ತುದಿಗೊಂದು ಇಟ್ಟು, ಬಗ್ಗಿ ಒಂದರ ಮೇಲಿಂದ ಇನ್ನೊಂದನ್ನು ನೋಡಿದ. ಎರಡೂ ಒಂದೇ ಗೆರೆಗೆ ಬರಬೇಕಿತ್ತು. ಬರಲಿಲ್ಲ. ಬೆಂಚು ತಿರುಚಿಕೊಂಡಿತ್ತು. ಅದಕ್ಕೇ ಮೇಲಿಟ್ಟ ಹಲಗೆ ಒಂದು ಮೂಲೆಯಲ್ಲಿ ಮಾತ್ರ ಕೂತು, ಒತ್ತಿದಾಗ ಜರುಗುತ್ತಿತ್ತು. ಅವನಿಗೆ ನಗು ಬಂತು. ತಪ್ಪು ತನ್ನದಲ್ಲ! ಅರ್ಧ ದಿನ ಹತ್ತರಿ ಹೊಡೆದು ಬೆಂಚಿನ ಮೈ ಸಮ ಮಾಡಿದ, ನಾಲ್ಕನೆಯ ಡ್ರಾಯರು ಸದ್ದಿಲ್ಲದೆ ಕೂತಿತು.

ಐದು ದಿನ ಕಳೆದು ಮತ್ತೆ ಪಟ್ಟಿ ಇಟ್ಟು ನೋಡಿದ. ಬೆಂಚು ಮತ್ತೆ ತಿರುಚಿತ್ತು, ಅದೇ ಮೂಲೆಗೆ.

ಮರ ಹೀಗೆ ಮಾಡುವುದಿಲ್ಲ. ಅದು ಅಪ್ಪನ ಕಾಲದ ಬೆಂಚು; ಮುಂದೆ ಎರಡು ಕಾಲು, ಹಿಂದಿನ ಅಂಚು ಬೋಲ್ಟು ಹಾಕಿ ಗೋಡೆಗೆ ಬಿಗಿದದ್ದು. ಅವನು ನಿಧಾನವಾಗಿ ಗೋಡೆಯ ಕಡೆ ನೋಡಿದ. ತೂಗುಗುಂಡು ತಂದು ಇಳಿಬಿಟ್ಟ. ದಾರ ಮೇಲೆ ಗೋಡೆಗೆ ತಾಗಿತ್ತು. ಬುಡದಲ್ಲಿ ಗೋಡೆಗೂ ದಾರಕ್ಕೂ ನಡುವೆ ಎರಡು ಬೆರಳು ಹಿಡಿಸಿತು; ಗೋಡೆಯ ಬುಡ ಆಚೆಗೆ ಜಾರಿತ್ತು.

ಗೋಡೆಯ ಆಚೆ, ಪಕ್ಕದ ಜಾಗದಲ್ಲಿ, ಹೊಸ ಕಟ್ಟಡಕ್ಕೆಂದು ಆಳವಾದ ಗುಂಡಿ ತೋಡಿದ್ದರು. ಬೆಳಗಿನಿಂದ ಸಂಜೆತನಕ ಪಂಪು ನೀರೆತ್ತಿ ಚರಂಡಿಗೆ ಬಿಡುತ್ತಿತ್ತು. ಅವನು ಹೋಗಿ ಚರಂಡಿಯಲ್ಲಿ ಕೈಯಾಡಿಸಿದ. ಅಂಗೈ ತುಂಬ ನುಣ್ಣನೆಯ ಮರಳು.

"ಇದು ಎಲ್ಲಿಯ ಮರಳು ಗೊತ್ತಾ?" ಎಂದು ಪಂಪಿನವನನ್ನು ಕೇಳಿದ. ತಲೆಗೆ ಟವೆಲು ಸುತ್ತಿಕೊಂಡ, ಇವನದೇ ವಯಸ್ಸಿನ ಮನುಷ್ಯ.

"ಗೊತ್ತು ಬಿಡಿ. ನಿಮ್ಮ ಗೋಡೆ ಅಡಿಯಿಂದಲೇ ಬರ್ತಿದೆ. ನಾನೂ ಹೇಳ್ದೆ. ನಿಲ್ಲಿಸಿದ್ರೆ ನಾಳೆಯಿಂದ ಬರಬೇಡ ಅಂದ್ರು."

ಕಂಟ್ರಾಕ್ಟರು ನಕ್ಕ. ಇಂಜಿನಿಯರು ನೋಡಿ ಹೋಗಿದ್ದಾರೆ, ನೀವು ಡ್ರಾಯರು ಮಾಡಿಕೊಂಡಿರಿ ಎಂದ. ಕಚೇರಿಗೆ ದೂರು ಕೊಟ್ಟರೆ ಅರ್ಜಿಯ ಮೇಲೊಂದು ಮುದ್ರೆ ಬಿತ್ತು, ಅಷ್ಟೆ. ಅಣ್ಣನನ್ನು ಕೆಳಗೆ ಕರೆದು ಪಟ್ಟಿಗಳ ಹಿಂದೆ ಬಗ್ಗಿಸಿ ತೋರಿಸಿ, ಮನೆ ಬಿಡೋಣ ಎಂದ. ಅಣ್ಣ ಒಂದು ಕಣ್ಣು ಮುಚ್ಚಿ, ಇನ್ನೊಂದು ಕಣ್ಣು ಮುಚ್ಚಿ ನೋಡಿದ.

"ಬೆಂಚಿಗೆ ವಯಸ್ಸಾಯ್ತು, ನಿನಗೂ ಆಯ್ತು. ಕೂದಲೆಳೆ ಹಿಡಕೊಂಡು ಮನೆ ಬಿಡೋಕಾಗುತ್ತೇನೋ?"

ಮೆಟ್ಟಿಲ ಮೇಲೆ ನಿಂತು ಕೇಳುತ್ತಿದ್ದ ಅತ್ತಿಗೆ ಮೆಲ್ಲಗೆ ಅಂದಳು, "ಅಡಿಗೆಮನೆ ಕಿಟಕಿಗೆ ಚಿಲಕ ಕೂರ್ತಿಲ್ಲ ಕಣ್ರೀ. ಬಚ್ಚಲ ಬಾಗಿಲಿಗೆ ಹೆಗಲು ಕೊಡಬೇಕು. ಹದಿನೈದು ದಿನ ಆಯ್ತು." ಅಷ್ಟು ಹೇಳಿ ಮೇಲೆ ಹೋಗಿ ಬಟ್ಟೆ ಮಡಚಿ ಚೀಲಕ್ಕೆ ತುಂಬತೊಡಗಿದಳು.

ಬೀದಿಯ ಆ ತುದಿಯಲ್ಲಿ ಅತ್ತಿಗೆಯ ತಂಗಿಯ ಮನೆ. ಮೂವರೂ ಅಲ್ಲಿಗೆ ಹೋದರು. ಬಡಗಿ ಮುಗಿದ ಡ್ರಾಯರುಗಳನ್ನೂ ಹೊತ್ತು ತಂದ. ಅಣ್ಣ ದಾರಿಯುದ್ದಕ್ಕೂ ಗೊಣಗುತ್ತಲೇ ಬಂದ. ಒಂದು ದಿನ, ಎರಡು ದಿನ, ವಾರ ಆಯಿತು. ಮನೆ ಹಾಗೆಯೇ ನಿಂತಿತ್ತು. ಬೀದಿಯವರು ನಗತೊಡಗಿದರು. "ಇನ್ನೂ ಬಿದ್ದಿಲ್ವಾ ಮೇಷ್ಟ್ರೇ?" ಎಂದು ಅಂಗಡಿಯವನು ಕೇಳಿದ್ದು ಅಣ್ಣನಿಗೆ ತಡೆಯಲಿಲ್ಲ. ಒಂಬತ್ತನೆಯ ದಿನ ಹಾಸಿಗೆ ಸುತ್ತಿಕೊಂಡು ಮನೆಗೆ ವಾಪಸು ಹೊರಟೇಬಿಟ್ಟ. ಅತ್ತಿಗೆ ಮಾತ್ರ ಜಪ್ಪಯ್ಯ ಅಂದರೂ ತಂಗಿಯ ಮನೆಯಿಂದ ಕದಲಲಿಲ್ಲ.

ಬಡಗಿ ದಿನಾ ಬೆಳಿಗ್ಗೆ ಹೋಗಿ ತೂಗುಗುಂಡು ಬಿಟ್ಟು ನೋಡಿ ಬರುತ್ತಿದ್ದ. ಎರಡು ಬೆರಳಿದ್ದದ್ದು ಮೂರಾಯಿತು. ಹನ್ನೆರಡನೆಯ ದಿನ ಬೆಳಿಗ್ಗೆ ದಾರ ಬಿಡಲು ಗೋಡೆಗೆ ಕೈ ಇಟ್ಟವನಿಗೆ ಒಳಗಿನಿಂದ ಟಕ್ ಎಂದು ಕೇಳಿತು, ಒಣಮರ ಸೀಳುವಾಗಿನ ಸದ್ದು. ಸ್ವಲ್ಪ ಬಿಟ್ಟು ಮತ್ತೊಂದು. ಬೆಂಚಿನ ಬೋಲ್ಟೊಂದು ಗೋಡೆಯಿಂದ ಕಿತ್ತು ನೆಲಕ್ಕೆ ಬಿತ್ತು.

"ಅಣ್ಣಾ! ಕೆಳಗೆ ಬಾ!"

"ಮುಖಕ್ಕೆ ಸೋಪು ಹಚ್ಚಿದೀನಿ, ಇರೋ," ಮೇಲಿನಿಂದ ಅಣ್ಣನ ದನಿ.

ಕಿಟಕಿಯಾಚೆ ಗುಂಡಿಯಲ್ಲಿ ಪಂಪಿನವನ ಬೆನ್ನು ಕಾಣುತ್ತಿತ್ತು. ಬಡಗಿ ಒಂದು ಗಳಿಗೆ ನಿಂತ. ಆಮೇಲೆ ಮೆಟ್ಟಿಲಿಗೆ ಓಡಿದ. ರೇಜರು ಹಿಡಿದಿದ್ದ ಅಣ್ಣನ ರಟ್ಟೆ ಹಿಡಿದು ದರದರನೆ ಎಳೆದು ತಂದ. ಅವರು ಬೀದಿಗೆ ಕಾಲಿಡುವಷ್ಟರಲ್ಲಿ ಹಿಂದೆ ಗೋಡೆ ಮೊದಲು ಕುಕ್ಕರಿಸಿತು, ಆಮೇಲೆ ಆಚೆ ಬಾಗಿ ಇಡಿಯಾಗಿ ಗುಂಡಿಗೆ ಹೋಯಿತು. ಧೂಳು ಇಳಿದಾಗ ಅಣ್ಣ ಅರ್ಧ ಮುಖಕ್ಕೆ ಸೋಪು ಅಂಟಿಕೊಂಡೇ ಬೀದಿಯಲ್ಲಿ ನಿಂತು, ತನ್ನ ಬಚ್ಚಲಿದ್ದ ಜಾಗದಲ್ಲಿ ಈಗ ಕಾಣುತ್ತಿದ್ದ ಆಕಾಶ ನೋಡುತ್ತಿದ್ದ. ಪಂಪಿನ ಸದ್ದು ನಿಂತಿತ್ತು.

ಮಧ್ಯಾಹ್ನದ ಹೊತ್ತಿಗೆ ಪಂಪಿನವನನ್ನು ಹೊರತೆಗೆದರು. ಜೀವ ಇರಲಿಲ್ಲ.

ಉಳಿದ ಡ್ರಾಯರುಗಳನ್ನು ಬಡಗಿ ಒಂದು ಬಾಡಿಗೆ ಶೆಡ್ಡಿನಲ್ಲಿ, ಹೊಸ ಬೆಂಚಿನ ಮೇಲೆ ಮುಗಿಸಿದ. ಎಲ್ಲವೂ ಕೂತವು. ಗಡಿಯಾರದವನು ಒಂದೊಂದೇ ಎಳೆದು, ತಳ್ಳಿ, ಹೊಗಳಿದ.

ಆಮೇಲೊಂದು ದಿನ ಪಂಪಿನವನ ಮನೆ ಹುಡುಕಿಕೊಂಡು ಹೋದ. ಮಗಳು ಬಾಗಿಲು ತೆಗೆದಳು. ಒಳಗೆ ಕೂತು ಇದ್ದದ್ದು ಇದ್ದ ಹಾಗೆ ಹೇಳಿದ: "ನಿಮ್ಮಪ್ಪ ಕಾಣ್ತಿದ್ರಮ್ಮ. ಕೂಗ್ಬೋದಿತ್ತು. ನಾನು ಅಣ್ಣನ ಕಡೆ ಓಡ್ದೆ."

ಹುಡುಗಿ ನೀರು ತರಲು ಎದ್ದಳು. "ಪಂಪಿನ ಸದ್ದಲ್ಲಿ ಅಪ್ಪನಿಗೆ ಏನೂ ಕೇಳ್ತಿರಲಿಲ್ಲ," ಅಂದಳು.

ಅದು ಸಮಾಧಾನಕ್ಕೆ ಹೇಳಿದ್ದೋ ನಿಜವೋ ಅವನಿಗೆ ತಿಳಿಯಲಿಲ್ಲ. ಅವಳು ಒಳಗಿನಿಂದ ತಂದುಕೊಟ್ಟ ನೀರು ಕುಡಿದು, ಲೋಟ ಕೆಳಗಿಟ್ಟು, ಎದ್ದು ಬಂದ.