ಯಾವ ಸದನ, ಯಾವ ಪುಟ: ಬೆಟ್ಟಸ್ವಾಮಿಯವರ ತಾಳೆ

ತಿಪಟೂರಿನ ಕೋರ್ಟಿನ ಎದುರು ಸಾಲಿನ ಕೊನೆಯ ಮಳಿಗೆಯಲ್ಲಿ, ಸರಿಯಾಗಿ ಬೆಳಕು ಹರಿಯುವ ಮೊದಲೇ ಒಬ್ಬರು ಗಟ್ಟಿಯಾಗಿ ಓದುತ್ತಿದ್ದಾರೆ. "ವಿಧಾನಸಭೆ. ಸಂಪುಟ ಏಳು. ಪುಟ ನಾನೂರ ಹನ್ನೆರಡು." ಎದುರಿಗೆ ಕೇಳುವವರಿಲ್ಲ. ಟೈಪ್ ಮಾಡಿದ ಹಾಳೆಯಲ್ಲಿ ಒಂದು ಸಾಲು ಓದಿ, ಪಕ್ಕದ ದಪ್ಪ ಪುಸ್ತಕದಲ್ಲಿ ಅದೇ ಸಾಲನ್ನು ಹುಡುಕುತ್ತಾರೆ. ಮತ್ತೆ ಹಾಳೆಗೆ ಬರುವಷ್ಟರಲ್ಲಿ ಎಲ್ಲಿದ್ದೆ ಎಂಬುದೇ ಮರೆತಿರುತ್ತದೆ. ಕೊಬ್ಬರಿ ಹೇರಿಕೊಂಡು ಹೊರಟ ಗಾಡಿಯವರಿಗೆ ಇದೊಂದು ತಮಾಷೆ. "ಬೆಟ್ಟಸ್ವಾಮಣ್ಣಂಗೆ ಗೋಡೆನೇ ಜಡ್ಜು ಕಣ್ಲಾ!"

ಐವತ್ತು ದಾಟಿದ ಬೆಟ್ಟಸ್ವಾಮಿ ಇಲ್ಲಿ ವಕೀಲರ ದಾವೆ, ಜವಾಬು, ಅಫಿಡವಿಟ್ಟುಗಳನ್ನು ಟೈಪ್ ಮಾಡುತ್ತಾರೆ. ದಿನಕ್ಕೆ ಮೂವತ್ತು ಪುಟವಾದರೂ ಆಗುತ್ತದೆ, ಕಾರ್ಬನ್ ಪ್ರತಿಗಳ ಲೆಕ್ಕ ಬೇರೆ. ಊರಿಗೆ ಗೊತ್ತಿರುವುದು ಇಷ್ಟೇ, ಗೊತ್ತಿಲ್ಲದ ಕೆಲಸ ಇನ್ನೊಂದಿದೆ. ಶಾಸನಸಭೆಯಲ್ಲಿ ಯಾರೋ ಆಡಿದ ಮಾತನ್ನು ವಕೀಲರು ತಮ್ಮ ಬರಹದಲ್ಲಿ ಎತ್ತಿ ಹೇಳಿದಾಗ, ಆ ಮಾತು ಸದನದ ಅಚ್ಚಾದ ನಡಾವಳಿ ಪುಸ್ತಕದಲ್ಲಿ ಅವರು ತೋರಿಸಿದ ಪುಟದಲ್ಲೇ ಇದೆಯೇ ಎಂದು ತಾಳೆ ನೋಡುವುದೂ ಅವರ ಪಾಲಿನದೇ.

"ಕಾಗ್ದದ ಮೇಲೆ ವಿಳಾಸ ಬರ್ದಂಗೆ ಕಣ್ರೀ" ಎನ್ನುತ್ತಾರೆ ಅವರು. "ಯಾವ ಸದನ, ಯಾವ ಮಸೂದೆ, ಯಾರು ಹೇಳಿದ್ದು, ಯಾವತ್ತು, ಸಂಪುಟ ಎಷ್ಟು, ಪುಟ ಎಷ್ಟು. ಒಂದು ತಪ್ಪಿದ್ರೂ ಜಡ್ಜ್ ಸಾಹೇಬ್ರು ಹುಡ್ಕೊಂಡು ಹೋಗಲ್ಲ. ಮಂತ್ರಿ ಹೇಳಿದ್ದೇ ಕಾನೂನು ಅಂತಲ್ಲ ಬುಡಿ. ಈ ಕಾನೂನು ಯಾವ ತೊಂದ್ರೆಗೆ ಹುಟ್ತು ಅಂತ ತೋರ್ಸಕ್ಕೆ ಆ ಮಾತು ಬೇಕಾಯ್ತದೆ."

ತಾಳೆ ನೋಡುವುದು ಇಬ್ಬರ ಕೆಲಸ. ಒಬ್ಬರು ಓದಬೇಕು, ಒಬ್ಬರು ನೋಡಬೇಕು. ಓದುತ್ತಿದ್ದವರು ಹೆಂಡತಿ ರಂಗಕ್ಕ, ಸಂಪಿಗೆ ಎಂಬ ಊರಿನ ಶಾಲೆಯಲ್ಲಿ ಏಳನೇ ಕ್ಲಾಸು ಓದಿದವರು. ಬೆಳಗಿನ ಅಡಿಗೆ ಮುಗಿಸಿ ಮಳಿಗೆಗೆ ಬಂದು, ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದರು. ಗಂಡನ ಕಣ್ಣು ರಸ್ತೆಯ ಕಡೆಗೆ ಹೋದರೆ, "ಇಲ್ಲಿ ನೋಡ್ರೀ, ಮೊದ್ಲು ಸದನ ಹೇಳ್ರೀ" ಎಂದು ಗದರುತ್ತಿದ್ದರು. ಎಂಬತ್ತೆರಡನೇ ಇಸವಿಯ ಬೇಸಿಗೆಯಲ್ಲಿ ಜ್ವರ ಬಂದು ಹೋಗಿಬಿಟ್ಟರು. ಮಕ್ಕಳಿಲ್ಲ. ಅಂದಿನಿಂದ ಓದುವವರೂ ನೋಡುವವರೂ ಬೆಟ್ಟಸ್ವಾಮಿಯೇ. ಅವರಿಗೆ ತೀರದ ಬೇಸರ ಇದೇ.

ಒಂಟಿತನ ಮನೆಯಲ್ಲಷ್ಟೇ ಇದ್ದಿದ್ದರೆ ಹೇಗೋ ಆಗುತ್ತಿತ್ತು, ಅದು ಕೆಲಸಕ್ಕೂ ಕೈಹಾಕಿತು. ಬಿಳಿಗೆರೆಯ ಕೆಂಪಕ್ಕ ಎಂಬ ವಿಧವೆಯ ಮೊಕದ್ದಮೆ. ಮಾವನಿಗೆ ತಳವಾರಿಕೆಗೆಂದು, ಅಂದರೆ ಊರ ಕಾವಲಿನ ಕೆಲಸಕ್ಕೆಂದು, ಬಿಟ್ಟಿದ್ದ ಜಮೀನು, ಅದರಲ್ಲಿ ಗಂಡ ನೆಟ್ಟ ತೆಂಗು. ಬೇರೆಯವರ ಕೈಸೇರಿದ ಆ ತೋಟ ಹೊಸ ಕಾನೂನಿನಂತೆ ಹಿಂದಕ್ಕೆ ಬರಬೇಕು ಎಂಬುದು ಅವರ ವಕೀಲ ಶಂಭುಲಿಂಗಯ್ಯನವರ ವಾದ. ಮಸೂದೆ ತಂದ ಮಂತ್ರಿಗಳು ಇಂಥ ಜಮೀನು ಮೊದಲಿನವರಿಗೇ ಸೇರಬೇಕೆಂಬ ಮಾತನ್ನು ವಿಧಾನಸಭೆಯಲ್ಲೂ ಆಡಿದ್ದರು, ಇನ್ನೊಂದು ದಿನ ವಿಧಾನ ಪರಿಷತ್ತಿನಲ್ಲೂ ಆಡಿದ್ದರು. ಸಭೆಯ ಮಾತಿಗೆ ಬೆಟ್ಟಸ್ವಾಮಿ ಪರಿಷತ್ತಿನ ಪುಟ ಹಾಕಿಬಿಟ್ಟರು. ಎದುರು ಪಕ್ಷದವರು ಕೋರ್ಟಿನಲ್ಲೇ ವಿಧಾನಸಭೆಯ ಪುಸ್ತಕದ ಆ ಪುಟ ತೆರೆದರೆ, ಅಲ್ಲಿ ಯಾರೋ ಸೇತುವೆಯ ಬಗ್ಗೆ ಕೇಳುತ್ತಿದ್ದಾರೆ! ಎಲ್ಲರೂ ನಕ್ಕರು. ಶಂಭುಲಿಂಗಯ್ಯನವರಿಗೆ ಮಂಗಳಾರತಿಯಾಯಿತು. ಸರಿಪಡಿಸಲು ಇದೊಂದೇ ವಾಯಿದೆ, ಇನ್ನಿಲ್ಲ ಎಂದರು ಜಡ್ಜರು.

"ವಕೀಲ್ರು ಬಯ್ಲಿಲ್ಲ. ಬೈದಿದ್ರೆ ಚೆನ್ನಾಗಿತ್ತು" ಎನ್ನುತ್ತಾರೆ ಬೆಟ್ಟಸ್ವಾಮಿ. ಆ ದಿನ ಕೆಂಪಕ್ಕನ ಹತ್ತಿರ ತಾವೇ ಹೋಗಿ ಹೇಳಿಕೊಂಡರು. "ತಪ್ಪು ನಂದು ಕಣಕ್ಕ. ನಿನ್ ತೋಟ ಹೋದ್ರೆ ನನ್ನಿಂದ್ಲೇ ಹೋಯ್ತದೆ."

ಆಕೆ ಅತ್ತು ಕರೆದು ಮಾಡಲಿಲ್ಲ. "ಒಬ್ನೇ ಯಾಕಪ್ಪ ನೋಡಕ್ಕೋದೆ? ನಂಗೆ ಅಕ್ಷರ ಬರಲ್ಲ, ಅಂಕಿ ಬತ್ತವೆ. ವಾಯಿದೆ ದಿನ ಮೊದಲ್ನೇ ಬಸ್ಸಿಗೆ ಬತ್ತೀನಿ ತಗೋ."

ಇಂದು ಆ ವಾಯಿದೆ. ಹೇಳಿದಂತೆ ಕೆಂಪಕ್ಕ ಬಂದಿದ್ದಾರೆ. ಪುಸ್ತಕ ತೊಡೆಯ ಮೇಲಿದೆ, ಬೆರಳು ಸಾಲಿನ ಮೇಲಿದೆ. "ನಾಕು. ಒಂದು. ಎಲ್ಡು." ಬೆಟ್ಟಸ್ವಾಮಿ ಹಾಳೆ ನೋಡಿ "ಸರಿ" ಎನ್ನುತ್ತಾರೆ. ಆದರೆ ಸದನದ ಹೆಸರು ಅಂಕಿಯಲ್ಲವಲ್ಲ. ಅವರು ಹಾಳೆಯನ್ನು ಮುಂದೆ ಹಿಡಿಯುತ್ತಾರೆ. ಕೆಂಪಕ್ಕ ಪುಸ್ತಕದ ಹೆಸರನ್ನೂ ಹಾಳೆಯ ಹೆಸರನ್ನೂ ಬಹಳ ಹೊತ್ತು ದಿಟ್ಟಿಸುತ್ತಾರೆ. "ಅವತ್ತು ತಪ್ಪಿ ನೋಡಿದ್ ಪುಸ್ತಕದ ಹೆಸ್ರು ಉದ್ದುಕ್ಕಿತ್ತು, ಪರಿಷತ್ತು ಅಂದ್ಯಲ್ಲ? ಇದು ಗಿಡ್ಡ, ಅದೂ ಗಿಡ್ಡ. ಒಂದೇ ಕಣಪ್ಪ."

ಹನ್ನೊಂದಕ್ಕೆ ಕೇಸು ಕೂಗುತ್ತಾರೆ. ಬೆಟ್ಟಸ್ವಾಮಿ ಬಾಗಿಲ ಹತ್ತಿರ ನಿಂತಿದ್ದಾರೆ. ಜಡ್ಜರು ಪುಸ್ತಕ ತರಿಸಿಕೊಂಡು ಪುಟ ತಿರುವುತ್ತಾರೆ, ಮಂತ್ರಿಗಳ ಮಾತಿನ ಎರಡು ಸಾಲು ಓದುತ್ತಾರೆ, ಏನೋ ಬರೆದುಕೊಂಡು "ಮುಂದೆ ಹೇಳಿ" ಎನ್ನುತ್ತಾರೆ. ಅಷ್ಟೇ. ಬಾಗಿಲ ಕಡೆ ಯಾರೂ ತಿರುಗಿ ನೋಡುವುದಿಲ್ಲ.

ತೀರ್ಪು ಮುಂದಿನ ತಿಂಗಳು. ಮನೆಯಲ್ಲಿ ದನಕ್ಕೆ ನೀರಿಟ್ಟಿಲ್ಲ ಎಂದು ಕೆಂಪಕ್ಕ ಬಸ್ಸಿಗೆ ಓಡುತ್ತಾರೆ. ಬೆಟ್ಟಸ್ವಾಮಿ ಮಳಿಗೆಗೆ ಬಂದು ಮೆಷಿನ್ನಿಗೆ ಹೊಸ ಹಾಳೆ ಏರಿಸುತ್ತಾರೆ. ಏನಾದರೂ ಆಸೆ ಇದೆಯೇ ಎಂದರೆ ಹಾಳೆಯ ಅಂಚು ಸರಿಮಾಡುತ್ತಾರೆ.

"ಆಸೆ ಏನಿಲ್ಲ ಕಣ್ರೀ. ಪುಟ ಸಿಕ್ಕಿದ್ ದಿನ ಮನೆಗೋಗಿ, 'ಇವತ್ತು ಸಿಕ್ತು ಕಣೇ' ಅನ್ಬೇಕು. ಹಂಗಂತ ಹೇಳಕ್ಕೆ ಒಂದು ಜೀವ ಇರ್ಬೇಕಿತ್ತು."